ಫರಸಿ ಖೋಲ್ಯಾಗ ತತ್ವಪದ ರೆಕಾರ್ಡ್ ಮಾಡಿದ ನನ್ನ ಅನುಭವ

ನಮ್ಮ ಮನಿ ಕಲಬುರಗಿ ಬ್ರಹ್ಮಪುರದಾಗ ಅದ, ಹಳಿ ಮನಿ, ನೆಲಕ್ಕ ಶಹಾಬಾದ್ ಫರಸಿ, ಗ್ವಾಡಿ ಎಲ್ಲಾ ಕಲ್ಲಿನವು. ಅದರಾಗ 10 ಫೂಟ್ ಅಗಲ 12 ಫೂಟ್ ಉದ್ದದ ಒಂದು ಖೋಲಿ ನಂದು, ಅಲ್ಲೇ ನಾ ಎರಡು ವರ್ಷದಿಂದ ರೆಕಾರ್ಡಿಂಗ್ ಮಾಡ್ಲಕತ್ತೀನಿ. ಶುರು ಮಾಡಿದ್ದು ನಮ್ಮ ಕಾಕಾನ ಸಲುವಾಗಿ. ಕಾಕಾ ಆಳಂದ ಕಡಿ ಹಳ್ಳ್ಯಾಗ ಇರ್ತಾರ, ಎಪ್ಪತ್ತು ದಾಟ್ಯಾವ, ಏಕತಾರಿ ಹಿಡ್ಕೊಂಡು ತತ್ವಪದ ಹಾಡ್ತಾರ, ಅವರ ಬಾಯಾಗಿರೋ ಪದ ಎಷ್ಟೋ ಯಾವ ವಹಿ ಒಳಗೂ ಬರದಿಟ್ಟಿಲ್ಲ, ಅವರ ಗುರುಗಳ ಬಾಯಿಂದ ಇವರ ಕಿವಿಗೆ ಬಂದದ್ದು. ಅದನ್ನ ಮೊಬೈಲ್‌ನಾಗ ಹಿಡದ್ರ ಏಕತಾರಿ ತಂತಿ ಬರೀ ಟಿಂಯ್ ಟಿಂಯ್ ಅಂತ ಬರ್ತದ, ದನಿ ಒಳಗಿನ ಆ ನಡುಕ ಬರಂಗೇ ಇಲ್ಲ. ಹಿಂಗಾಗಿ ಎರಡು ಇನ್‌ಪುಟ್ ಇರೋ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿ ಲ್ಯಾಪ್‌ಟಾಪಿಗೆ ಮುಟ್ಟಿಸೋ ಡಬ್ಬಿ), ಒಂದು ಡೈನಾಮಿಕ್ ಮೈಕ್, ಒಂದು ಕಂಡೆನ್ಸರ್ ಮೈಕ್ ತಗೊಂಡೆ, ಲ್ಯಾಪ್‌ಟಾಪ್ ಮೊದಲೇ ಇತ್ತು. ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ರೀಪರ್. 60 ದಿನ ಪುಕ್ಕಟ್ಟೆ ನಡಿಸಿ ನೋಡ್ಬಹುದು, ಆಮ್ಯಾಲ ನಮ್ಮಂಥ ಮನಿ ಮಂದಿಗೆ 60 ಡಾಲರ್ ಲೈಸೆನ್ಸ್ ಅದ, ಹಳಿ ಲ್ಯಾಪ್‌ಟಾಪ್ ಮ್ಯಾಲೂ ಹಗುರಕ ಓಡ್ತದ.

ಮೊದಲನೇ ಆರು ತಿಂಗಳು ನಾ ಎಲ್ಲಾ ತಪ್ಪನ್ನೂ ಸಾಫ್ಟ್‌ವೇರ್ ಒಳಗೇ ಹುಡುಕಿದೆ. ದಿನಾ ರಾತ್ರಿ ಹೊಸಾ ಪ್ಲಗ್‌ಇನ್ (ದನಿ ತಿದ್ದೋ ಸಣ್ಣ ಸಾಫ್ಟ್‌ವೇರ್) ಹಾಕೋದು, ತಗಿಯೋದು. ಖರೇ ತಪ್ಪು ಇದ್ದದ್ದು ಖೋಲ್ಯಾಗ, ವಾಯರ್‌ನಾಗ, ಮನಿ ಹಿತ್ತಲದ ಮಣ್ಣಿನಾಗ.

ಮಣ್ಣಿನದೇ ಮೊದಲು ಹೇಳ್ತೀನಿ, ಯಾಕಂದ್ರ ಅದಕ್ಕೇ ನಾ ಭಾಳ ದಿನ ಕಳಕೊಂಡೀನಿ. ಹೆಡ್‌ಫೋನ್‌ನಾಗ ಯಾವಾಗಲೂ ಒಂದು ಗುಂಯ್ ಅಂಬೋ ಸಪ್ಪಳ, ಕಾಕಾ ಹಾಡೋದು ನಿಲ್ಸಿದ ಕೂಡ್ಲೇ ಅದೇ ಮುಂದ ಬರ್ತಿತ್ತು. ನಮ್ಮ ದೇಶದ ಕರೆಂಟ್ 50 ಹರ್ಟ್ಸ್, ಆ ಗುಂಯ್ ಅಂಬೋದು 50, 100, 150 ಹಿಂಗ ಮೆಟ್ಲ ಮೆಟ್ಲ ಇರ್ತದ, ಈಕ್ಯೂ (ಒಂದೊಂದು ಹರ್ಟ್ಸ್ ಬ್ಯಾರೆ ಬ್ಯಾರೆ ಏರಿಸಿ ಇಳಿಸೋ ಪ್ಲಗ್‌ಇನ್) ಗ್ರಾಫ್‌ನಾಗ ನೋಡಿದ್ರ ಗೂಟ ನೆಟ್ಟಂಗ ಕಾಣಸ್ತದ. ಗೂಟ ಒಂದೊಂದೇ ಕಿತ್ತಿದೆ, ಕಿತ್ತಂಗೆಲ್ಲಾ ಕಾಕಾನ ದನಿ ತೆಳ್ಳಗಾಯ್ತು, ಯಾಕಂದ್ರ ಗಂಡಸರ ದನಿ ಬುಡ ಇರೋದೂ ಅಲ್ಲೇ, 100ರ ಸುತ್ತಮುತ್ತ. ಕೇಬಲ್ ಬದಲಿ ಮಾಡಿದೆ, ಇಂಟರ್‌ಫೇಸ್ ಕೆಟ್ಟದ ಅಂತ ಗೆಳೆಯಂದು ಇಸ್ಕೊಂಡು ಬಂದು ಹಚ್ಚಿದೆ, ಅದರಾಗೂ ಅದೇ ಗುಂಯ್.

ಒಂದು ದಿನ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿದೆ, ಸಪ್ಪಳ ಅರ್ಧಕ್ಕರ್ಧ ಕಮ್ಮಿ. ಸ್ಪೀಕರ್ ಪ್ಲಗ್ ಕಿತ್ತಿದೆ, ಪೂರಾ ಬಂದ್. ಸ್ಪೀಕರ್ ಪ್ಲಗ್ ಒಂದು ಗ್ವಾಡಿಗಿತ್ತು, ಲ್ಯಾಪ್‌ಟಾಪ್ ಪ್ಲಗ್ ಎದುರು ಗ್ವಾಡಿಗಿತ್ತು, ಎರಡೂ ಬ್ಯಾರೆ ಬ್ಯಾರೆ ಲೈನ್, ಅರ್ಥ್ ಎರಡು ದಾರೀಲೆ ಬಂದು ಆಡಿಯೊ ಕೇಬಲ್ ಮ್ಯಾಲಿಂದ ಸುತ್ತು ಹೊಡೀಲಕತ್ತಿತ್ತು, ಇದಕ್ಕ ಗ್ರೌಂಡ್ ಲೂಪ್ ಅಂತಾರ. ಎಲ್ಲಾನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದೆ, ಮುಕ್ಕಾಲು ಪಾಲು ಹೋಯ್ತು. ಉಳಿದ ಪಾಲು ಬ್ಯಾರೇನೇ ಇತ್ತು, ಮೈಕಿನ ಕಬ್ಬಿಣ ಜಾಳಿಗಿ ಮುಟ್ಟಿದ್ರ ಸಪ್ಪಳ ಇಳೀತಿತ್ತು, ಕೈ ಬಿಟ್ರ ಏರ್ತಿತ್ತು. ನಮ್ಮ ಓಣಿ ಎಲೆಕ್ಟ್ರಿಷಿಯನ್ ಅಣ್ಣಗ ಕರ್ದು ತೋರಿಸಿದೆ, ಅವಾ ಮೀಟರ್ ಹಚ್ಚಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವ ನೋಡ್ದ, 18 ವೋಲ್ಟ್. "ಇದು ಎರಡು ಮೂರರ ಒಳಗ ಇರಬೇಕ್ರಿ, ಅರ್ಥ್ ಗುಂಡಿಗಿ ನೀರು ಎಂದ ಹಾಕಿದ್ರಿ?" ಅಂದ. ಹಿತ್ತಲದಾಗ ಗುಂಡಿ ಅದ ಅಂಬೋದೇ ನಮಗ ಮರ್ತು ಹೋಗಿತ್ತು. ಅದರಾಗ ಇದ್ದಲಿ ಉಪ್ಪು ತುಂಬಿರ್ತಾರ, ಹಸಿ ಇದ್ರಷ್ಟೇ ಅದು ಕೆಲಸ ಮಾಡ್ತದ, ನಮ್ಮ ಕಡಿ ಬ್ಯಾಸಗಿ 42 ಡಿಗ್ರಿ ದಾಟ್ತದ, ಮಣ್ಣು ಬಿರಕ ಬಿಟ್ಟಿತ್ತು. ಅವಾ ಗುಂಡಿ ತಗದು ಇದ್ದಲಿ ಉಪ್ಪು ಹೊಸಾದು ಹಾಕಿ, ತಂತಿ ಜೋಡ್ಸಿದ ಜಾಗದಾಗ ಹಿಡಿದಿದ್ದ ಜಂಗು ತಿಕ್ಕಿ, ನಾಕು ಕೊಡ ನೀರು ಹೊಯ್ಸಿದ. ಮರುದಿನ 2 ವೋಲ್ಟಿಗೆ ಬಂತು, ಗುಂಯ್ ಹೋಯ್ತು. ಅವತ್ತಿನಿಂದ ಫೆಬ್ರವರಿ ಹೊಳ್ಳಿತಂದ್ರ ವಾರಕ್ಕ ಎರಡು ಕೊಡ ನೀರು ಹಾಕ್ತೀನಿ. ಒಂದು ಮಾತು ಗಟ್ಟಿ ಹೇಳ್ತೀನಿ, ಗುಂಯ್ ಹೋಗ್ಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋ ಮಂದಿ ಅದಾರ, ಸಪ್ಪಳ ಹೋಗಬಹುದು, ಆದ್ರ ಎಲ್ಲ್ಯರೇ ಕರೆಂಟ್ ಲೀಕ್ ಆಯ್ತಂದ್ರ ಮೈಕ್ ಹಿಡಿದವರ ಜೀವಕ್ಕ ಬರ್ತದ, ಅದು ಮಾತ್ರ ಮಾಡಬ್ಯಾಡ್ರಿ.

ಇನ್ವರ್ಟರ್‌ದೂ ಹಂಗೇ. ನಮ್ಮದು ಹಳಿ ಸ್ಕ್ವೇರ್ ವೇವ್ ಇನ್ವರ್ಟರ್, ಕರೆಂಟ್ ಹೋಗಿ ಅದು ಶುರು ಆಯ್ತಂದ್ರ ಜ್ಜ್ ಅಂತ ಜೇನು ಎದ್ದಂಗ ಬರ್ತದ. ಪ್ಯೂರ್ ಸೈನ್ ವೇವ್ ತಗೊಳ್ಳೋ ರೊಕ್ಕ ಇರ್ಲಿಲ್ಲ, ಹಿಂಗಾಗಿ ರೆಕಾರ್ಡ್ ಮಾಡೋವಾಗ ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲ ಇಡ್ತೀನಿ, ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ತದ, ಸ್ಪೀಕರ್ ಬಂದ್, ಹೆಡ್‌ಫೋನ್ ಅಷ್ಟೇ. ಕರೆಂಟ್ ಹೋದ್ರೂ ಬಂದ್ರೂ ನಮಗ ಸಂಬಂಧ ಇಲ್ಲ.

ಇನ್ನ ಖೋಲಿ. ಫರಸಿ ಮ್ಯಾಲ ನಿಂತು ಒಂದು ಚಪ್ಪಾಳಿ ಹೊಡೀರಿ, ಟರ್‍ರ್ ಅಂತ ಗ್ವಾಡಿಂದ ಗ್ವಾಡಿಗಿ ಓಡಾಡ್ತದ. ಈ ಗದ್ದಲ ಒಮ್ಮೆ ರೆಕಾರ್ಡ್ ಒಳಗ ಹೊಕ್ಕಿತಂದ್ರ ಯಾವ ಪ್ಲಗ್‌ಇನ್ನೂ ಪೂರಾ ತಗಿಯಂಗಿಲ್ಲ. ಫೋಮ್ ತರಿಸ್ಬೇಕಂತ ಇದ್ದೆ, ನಮ್ಮವ್ವ "ಕೌದಿ ಅವ ಅಲ್ಲೋ, ಹಾಕಿ ನೋಡು" ಅಂದಳು. ಅಟ್ಟದ ಮ್ಯಾಲ ಆಯಿ ಹೊಲ್ದ ಆರು ಕೌದಿ ಇದ್ದುವು, ಒಂದೊಂದು ನಾಕು ಐದು ಪದರು ಹಳಿ ಸೀರಿ ಸೇರ್ಸಿ ಹೊಲ್ದದ್ದು, ಎತ್ತಿದ್ರ ಭಾರ ಗೊತ್ತಾಗ್ತದ. ಮೊದಲ ನಾ ಮೈಕಿನ ಹಿಂದಿನ ಗ್ವಾಡಿಗಿ ಹಾಕಿದ್ದೆ, ಅಷ್ಟೇನೂ ಫರಕ್ ಬೀಳ್ಲಿಲ್ಲ. ಆಮ್ಯಾಲ ತಿಳೀತು, ಕಾರ್ಡಿಯಾಯ್ಡ್ ಮೈಕ್ ಮುಂದಿನದು ಕೇಳ್ತದ, ಹಿಂದಿನದು ಕಮ್ಮಿ ಕೇಳ್ತದ, ಅಂದ್ರ ಅದು ನೋಡೋದು ಹಾಡೋರ ಬೆನ್ನ ಹಿಂದಿನ ಗ್ವಾಡಿ. ಕೌದಿ ಕಾಕಾನ ಬೆನ್ನ ಹಿಂದ ಹಗ್ಗ ಕಟ್ಟಿ ತೂಗಾಕಿದೆ, ಗ್ವಾಡಿಗಿ ಹತ್ತಿ ಅಲ್ಲ, ಒಂದು ಗೇಣು ಬಿಟ್ಟು, ಆ ಸಂದಿ ಬಿಟ್ರ ಕೆಳಗಿನ ಸ್ವರನೂ ಸ್ವಲ್ಪ ಹಿಡೀತದ. ಎರಡು ಮಗ್ಗಲಿಗೆ ಎರಡು, ನೆಲಕ್ಕ ಜಮಖಾನಿ, ಮೂಲ್ಯಾಗ ಹಳಿ ಹತ್ತಿ ಗಾದಿ ಸುತ್ತಿ ನಿಲ್ಸಿದೆ. ಚಪ್ಪಾಳಿ ಹೊಡದ್ರ ಈಗ ಬರೀ ಚಪ್ಪಾಳಿ ಅಷ್ಟೇ.

ಆದ್ರೂ ಒಂದು ಸ್ವರ ಮಾತ್ರ ಊದ್ಕೊಂಡಂಗ ಬರ್ತಿತ್ತು. ಕಾಕಾ ಬಿಳಿ ಎರಡು (ಹಾರ್ಮೋನಿಯಂದ ಎರಡನೇ ಬಿಳಿ ಪಟ್ಟಿ) ಶ್ರುತಿಗಿ ಹಾಡ್ತಾರ, ಮಂದ್ರ ಪಂಚಮಕ್ಕ, ಅಂದ್ರ ಕೆಳಗಿನ ಪ ಸ್ವರಕ್ಕ, ಇಳದ್ರಂದ್ರ ಇಡೀ ಖೋಲಿ ಗಂ ಅಂತಿತ್ತು, ಬಾಕಿ ಸ್ವರಕ್ಕ ಹಂಗಿಲ್ಲ. ಇದಕ್ಕ ನಾ ಭಾಳ ತಲಿ ಕೆಡಿಸ್ಕೊಂಡೆ, ಕಡೀಕ ಲೆಕ್ಕ ಹಾಕಿ ನೋಡಿದೆ. ಆ ಪಂಚಮ 110 ಹರ್ಟ್ಸ್. ಗಾಳ್ಯಾಗ ಸಪ್ಪಳ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗ್ತದ, 10 ಫೂಟ್ ಅಂದ್ರ 3 ಮೀಟರ್ ಚಿಲ್ಲರ, ಎರಡು ಗ್ವಾಡಿ ನಡುವ ತಾನೇ ಎದ್ದು ನಿಲ್ಲೋ ಅಲೆ 56 ಹರ್ಟ್ಸ್, ಅದರ ದುಪ್ಪಟ್ಟು 112. ಪಂಚಮದ ಮಗ್ಗಲಕ್ಕೇ ಬಂತು! ಆ 112ರ ಅಲೆ ಖೋಲಿ ನಟ್ಟನಡುವ ಜೋರಿರ್ತದ, ನಾ ಕಾಕಾಗ ಖರೇ ನಟ್ಟನಡುವ ಕುಂದ್ರಿಸಿದ್ದೆ. ಚಾಪಿ ಎರಡೂವರಿ ಫೂಟ್ ಮಗ್ಗಲಿಗೆ ಸರಸಿದೆ, ಅಲ್ಲಿ ಅದೇ ಅಲೆ ಸಣ್ಣದಾಗ್ತದ, ಪಂಚಮ ಬಾಕಿ ಸ್ವರದ ಸಾಲಿಗೆ ಬಂತು. ಒಂದು ಪೈಸಾ ಖರ್ಚಿಲ್ಲ. ಅವತ್ತಿನ ಖುಷಿ ನಂಗ ಇನ್ನೂ ನೆನಪದ.

ಮೈಕ್ ಬಗ್ಗೆ. ಕಂಡೆನ್ಸರ್ ಮೈಕ್ ಮ್ಯಾಲ ಭಾಳ ಆಸಿ ಇಟ್ಟಿದ್ದೆ, ಅದಕ್ಕ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ ಒಳಗಿಂದಲೇ ಹೋಗೋ ಕರೆಂಟ್) ಬೇಕು, ಸೂಕ್ಷ್ಮ ಭಾಳ, ಓಣ್ಯಾಗಿನ ಆಟೋನೂ ಮಗ್ಗಲ ಮನಿ ಮಿಕ್ಸರೂ ಹಿಡ್ಕೊಂಡು ಬರ್ತಿತ್ತು. ಕಾಕಾನ ದನೀಗಿ ಈಗ ಆ ಡೈನಾಮಿಕ್ ಮೈಕ್, ಶೂರ್ ಎಸ್‌ಎಂ58, ಬಾಯಿಂದ ಒಂದು ಗೇಣಿನ ಒಳಗ, ಸ್ವಲ್ಪ ಓರಿ ಮಾಡಿ ಇಟ್ರ ಪ, ಬ ಅಕ್ಷರದ ಗಾಳಿ ಬಡಿಯಂಗಿಲ್ಲ. ಗೇನ್ (ಮೈಕಿನ ದನಿ ಎಷ್ಟು ಏರಿಸ್ಬೇಕು ಅಂಬೋದು) ಜಾಸ್ತಿ ಬೇಡ್ತದ, ಕೊಡಬೇಕು. ಕಂಡೆನ್ಸರ್ ಹಾರ್ಮೋನಿಯಂಗೆ ಇಟ್ಟೀನಿ, ಭಾತಿ (ಗಾಳಿ ಒತ್ತೋ ಹಲಗಿ) ಕಡಿ ಅಲ್ಲ, ಮ್ಯಾಲಿಂದ ಒಂದೂವರಿ ಫೂಟ್ ಎತ್ತರ, ಇಲ್ಲಂದ್ರ ಭಾತಿ ಉಸಿರು, ಪಟ್ಟಿ ಟಕಟಕ ಎಲ್ಲಾ ಬರ್ತದ. ತಾಳ ಬಾರಿಸೋರಿಗಿ ಎರಡೂ ಮೈಕಿನ ಹಿಂದ ಆರು ಫೂಟ್ ದೂರ ಕುಂದ್ರಿಸ್ತೀನಿ, ಅಷ್ಟು ದೂರ ಇದ್ರೂ ಅದು ಕೇಳಿಸೇ ಕೇಳಸ್ತದ.

ಗೇನ್ ಇಡೋದ್ರಾಗ ನಾ ಒಂದು ಛಲೋ ಪದ ಕೆಡಿಸೀನಿ. ಕಾಕಾ ಮೊದಲ ಮೆಲ್ಲಕ ಗುನುಗ್ತಾರ, ಅದಕ್ಕ ಲೆವೆಲ್ ಇಟ್ಟೆ, ನಾಕನೇ ನುಡೀಗಿ ತಾರ ಷಡ್ಜಕ್ಕ ಹೋದ್ರು ನೋಡ್ರಿ, ಕೆಂಪು ಲೈಟ್ ಹತ್ತಿ ದನಿ ಹರಕೊಂಡೇ ಹೋಯ್ತು. ಈಗ ಮೊದಲೇ "ಕಾಕಾ, ಎಲ್ಲಕ್ಕಿಂತ ಏರು ಇರೋ ನುಡಿ ಒಮ್ಮೆ ಹಾಡ್ರಿ" ಅಂತೀನಿ, ಅದು ಮೈನಸ್ 10, 12 ಡಿಬಿ (ಸೊನ್ನಿ ದಾಟಿದ್ರ ದನಿ ಹರೀತದ) ಮುಟ್ಟೋ ಹಂಗ ಇಡ್ತೀನಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್ (ಮೆಲ್ಲಗಿನ ದನಿನೂ ಸೂಕ್ಷ್ಮ ಹಿಡೀತದ) ಇಟ್ರ ಲೆವೆಲ್ ಕಮ್ಮಿ ಆದ್ರೂ ಚಿಂತಿಲ್ಲ, ಆಮ್ಯಾಲ ಏರಿಸ್ಬಹುದು, ಹರಿದದ್ದು ಮಾತ್ರ ಹೊಲಿಲಾಕ ಬರಂಗಿಲ್ಲ.

ಲೇಟೆನ್ಸಿ, ಅಂದ್ರ ದನಿ ತಡಾ ಆಗಿ ಕಿವಿಗಿ ಬರೋ ತ್ರಾಸ, ಹಾರ್ಮೋನಿಯಂ ಮಾಸ್ತರರಿಗೆ ಆಗಿದ್ದು. ಅವರು ಒಂದು ಪದಕ್ಕ ಆಮ್ಯಾಲ ಬಂದು ಬಾರಿಸಿದ್ರು, "ನಾ ಒತ್ತಿದ ಮ್ಯಾಲ ಸ್ವರ ಬರ್ಲಕತ್ತದ, ನಂಗ ಆಗಂಗಿಲ್ಲ" ಅಂದ್ರು. ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟು ಕಳಸೋ ದನಿ ತುಣುಕಿನ ಲೆಕ್ಕ) 1024 ಇತ್ತು, ಸೆಕೆಂಡಿಗೆ 48 ಸಾವಿರ ತುಣುಕು, ಅಂದ್ರ 48 ಕಿಲೋಹರ್ಟ್ಸ್‌ನಾಗ ಅಷ್ಟಕ್ಕೇ 21 ಮಿಲಿಸೆಕೆಂಡ್, ಹೋಗೋದು ಬರೋದು ಸೇರಿ ದುಪ್ಪಟ್ಟಿನ ಮ್ಯಾಲ, ಅಂದ್ರ ಹಾರ್ಮೋನಿಯಂ 14 ಮೀಟರ್ ದೂರ ಇಟ್ಟು ಕೇಳಿದಂಗ, ಹ್ಯಾಂಗ ಬಾರಿಸ್ತಾರ. ಇಂಟರ್‌ಫೇಸ್ ಮ್ಯಾಲ ಡೈರೆಕ್ಟ್ ಮಾನಿಟರ್ ಗುಂಡಿ ಇರ್ತದ, ಅದು ಒತ್ತಿ ಸಾಫ್ಟ್‌ವೇರ್ ಮಾನಿಟರಿಂಗ್ ಬಂದ್ ಮಾಡಿದ್ರ ಲ್ಯಾಪ್‌ಟಾಪ್ ಸುತ್ತಿ ಬರೋದೇ ಇಲ್ಲ. ಇಲ್ಲಂದ್ರ ರೆಕಾರ್ಡಿಂಗ್‌ಗೆ ಬಫರ್ 128, ಮಿಕ್ಸಿಂಗ್‌ಗೆ 1024. 128ಕ್ಕ ಚಟ್ ಚಟ್ ಅಂದ್ರ ಮೊದಲ ವೈಫೈ ಬಂದ್ ಮಾಡ್ರಿ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್ ಇಡ್ರಿ, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ತಗೀರಿ, ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೇ ಚುಚ್ಚರಿ. ನಂದು ಇಷ್ಟರಾಗೇ ನಿಂತಿತು. ವಿಂಡೋಸ್‌ನಾಗ ಇಂಟರ್‌ಫೇಸ್ ಕಂಪನಿದೇ ಎಎಸ್‌ಐಒ ಡ್ರೈವರ್ (ದನಿ ತಡಾ ಕಮ್ಮಿ ಮಾಡೋ ಸಾಫ್ಟ್‌ವೇರ್) ಹಾಕೋದು ಮರೀಬ್ಯಾಡ್ರಿ.

ಇನ್ನೊಂದು ಘಾಬರಿ ಬೀಳ್ಸಿದ್ದು ಸ್ಯಾಂಪಲ್ ರೇಟ್, ಅಂದ್ರ ಸೆಕೆಂಡಿಗೆ ದನಿ ಎಷ್ಟು ತುಣುಕು ಮಾಡ್ತದ ಅಂಬೋದು. ಒಂದು ದಿನ ರೆಕಾರ್ಡ್ ಆದ ಮ್ಯಾಲ ಹಚ್ಚಿದ್ರ ಕಾಕಾ ಹುಡುಗರ ದನೀಲೆ ಗಡಬಡ ಹಾಡ್ಲಕತ್ತಾರ, ಶ್ರುತಿ ಒಂದೂವರಿ ಪಟ್ಟಿ ಮ್ಯಾಲ ಹೋಗ್ಯಾದ. ಇಂಟರ್‌ಫೇಸ್ 44.1 ಕಿಲೋಹರ್ಟ್ಸ್‌ಗೆ ಓಡ್ಲಕತ್ತಿತ್ತು, ಪ್ರಾಜೆಕ್ಟ್ 48 ಅಂತ ಬರ್ಕೊಂಡಿತ್ತು. ಆ ಪದ ಉಳೀತು, ರೀಪರ್‌ನಾಗ ಐಟಂ ಪ್ರಾಪರ್ಟೀಸ್ ತಗದು ಪ್ರಿಸರ್ವ್ ಪಿಚ್ ಟಿಕ್ ತಗದು ಪ್ಲೇಬ್ಯಾಕ್ ರೇಟ್ 0.91875 ಹಾಕಿದೆ, 44.1 ಭಾಗ 48 ಅಷ್ಟೇ, ಕಾಕಾ ತಮ್ಮ ಶ್ರುತಿಗಿ ಹೊಳ್ಳಿ ಬಂದ್ರು. ಈಗ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಾಗ 48 ಗಟ್ಟಿ ಮಾಡಿ ಟೆಂಪ್ಲೇಟ್ ಇಟ್ಟೀನಿ, ಟ್ರ್ಯಾಕ್ ಹೆಸರು, 80 ಹರ್ಟ್ಸ್ ಕೆಳಗ ಕತ್ತರಿಸೋ ಫಿಲ್ಟರ್ ಎಲ್ಲಾ ಅದರಾಗೇ. ಕಾಕಾ ಬಂದು ಕುಂತ ಮ್ಯಾಲ ನಾ ಮೌಸ್ ಹಿಡ್ಕೊಂಡು ಹತ್ತು ನಿಮಿಷ ತಡಕಾಡಿದ್ರ ಅವರ ಹಾಡೋ ಮನಸೇ ಹೋಗ್ತದ, ಟೆಂಪ್ಲೇಟ್ ಅದರ ಸಲುವಾಗಿ.

ಕ್ಲಿಕ್ ಟ್ರ್ಯಾಕ್, ಅಂದ್ರ ಕಿವ್ಯಾಗ ಟಕ್ ಟಕ್ ಅಂತ ಲಯ ಹೇಳೋದು, ತತ್ವಪದಕ್ಕ ಬ್ಯಾಡೇ ಬ್ಯಾಡ. ಒಮ್ಮೆ ಕಿವಿಗಿ ಹಚ್ಚಿ ನೋಡಿದೆ, ಕಾಕಾ ಎರಡು ಸಾಲಿಗಿ ಹೆಡ್‌ಫೋನ್ ತಗದು ಕೆಳಗಿಟ್ರು. ಪದ ಮೊದಲ ನಿಂತು ನಿಂತು ನಡೀತದ, ಆಮ್ಯಾಲ ತಾನೇ ಓಟ ಹಿಡೀತದ, ಅದೇ ಅದರ ಜೀವ. ಎಲ್ಲರೂ ಕೂಡೇ ಹಾಡಿ ಬಾರಿಸ್ತಾರ, ನಾ ಒಂದು ಪದಕ್ಕ ಎರಡು ಟೇಕ್ ತಗೋತೀನಿ, ಜೋಡಿಸೋದಿದ್ರ ಉಸಿರು ತಗೊಳ್ಳೋ ಜಾಗದಾಗ ಕತ್ತರಿಸ್ತೀನಿ.

ಹೊತ್ತು ಅಂದ್ರ ಬೆಳಗಿನ ಐದು. ಫ್ಯಾನ್ ಬಂದ್ ಮಾಡಿ ಕುಂದರಬೇಕಲ್ಲ, ಮೇ ತಿಂಗಳದಾಗ ಎಂಟಕ್ಕೇ ಬೆವರು ಇಳೀತದ. ರಾತ್ರಿ ಕೂಲರ್ ಹಚ್ಚಿ ಖೋಲಿ ತಂಪ್ ಮಾಡ್ತೀನಿ, ಆದ್ರ ತಬಲಾ ಇದ್ರ ಆ ಖೋಲ್ಯಾಗ ಇಡಂಗಿಲ್ಲ, ಕೂಲರ್ ಹಸಿಗಿ ಚರ್ಮ ಸಡಿಲಾಗಿ ಶ್ರುತಿ ಇಳೀತದ. ಫ್ರಿಜ್ ಬಂದ್ ಮಾಡಿ ಗಾಡಿ ಕೀಲಿ ಅದರೊಳಗೇ ಇಡ್ತೀನಿ, ಹೊರಗ ಹೊಂಟಾಗ ಕೀಲಿ ಹುಡುಕ್ತೀನಿ, ಫ್ರಿಜ್ ಚಾಲು ಮಾಡೋದು ನೆನಪಾಗ್ತದ. ಹಾಡು ಶುರು ಆಗೋಕಿನ ಮುಂಚೆ ಎಲ್ಲರಿಗೂ ಹತ್ತು ಸೆಕೆಂಡ್ ಸುಮ್ಮ ಕುಂದರ್‍ರಿ ಅಂತೀನಿ, ಆ ಖಾಲಿ ಸಪ್ಪಳ ಇದ್ರ ರೀಪರ್‌ದ ರಿಯಾಫರ್ ಅಂಬೋ ಪ್ಲಗ್‌ಇನ್‌ಗೆ ತೋರಿಸಿ ಉಳಿದ ನಾಯ್ಸ್ ಸ್ವಲ್ಪ ಇಳಿಸಬಹುದು. ಸ್ವಲ್ಪೇ, ಜಾಸ್ತಿ ಎಳದ್ರ ದನಿ ನೀರಾಗ ಮುಣಗಿದಂಗ ಆಗ್ತದ.

ಹೋದ ವರ್ಷ ನನ್ನ ಹಾರ್ಡ್ ಡಿಸ್ಕ್ ಸತ್ತಿತು, ಹನ್ನೊಂದು ಪದ ಹೋದುವು, ಎರಡನೇ ಕಾಪಿ ಇರ್ಲಿಲ್ಲ. ಎರಡು ಟ್ರ್ಯಾಕ್ 24 ಬಿಟ್ 48ಕ್ಕ ಒಂದು ತಾಸಿಗೆ ಸುಮಾರು 1 ಜಿಬಿ ಅಷ್ಟೇ, ಅಷ್ಟು ಜಾಗ ನಾ ಕೊಡಲಿಲ್ಲ. ಕಾಕಾಗ ಫೋನ್ ಮಾಡಿ ಹೇಳೋ ಹೊತ್ತಿಗಿ ನಂಗ ಅಳು ಬಂದಿತ್ತು, ಅವರು "ಮತ್ತ ಬರ್ತೀನಿ ತಗೋ ತಮ್ಮಾ" ಅಂದ್ರು. ಒಂಬತ್ತು ಹೊಳ್ಳಿ ಹಾಡ್ಯಾರ, ಎರಡು ಪದದ ನಡುವಿನ ನುಡಿ ಅವರಿಗೇ ಈಗ ನೆನಪಿಗಿ ಬರವಲ್ದು. ಈಗ ರೆಕಾರ್ಡ್ ಆದ ದಿನವೇ ಒಂದು ಕಾಪಿ ಪೆನ್‌ಡ್ರೈವ್‌ಗೆ, ಒಂದು ಹೊರಗಿನ ಡಿಸ್ಕಿಗೆ, ಅದು ಸೇಡಂನಾಗ ಅಕ್ಕನ ಮನ್ಯಾಗ ಇರ್ತದ, ತಿಂಗಳಿಗೊಮ್ಮೆ ಹೋದಾಗ ಬದಲಿ ಮಾಡ್ತೀನಿ. ಊರವರಿಗೆ ವಾಟ್ಸಾಪ್‌ನಾಗ ಕಳಸೋದಿದ್ರ ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಂದ್ರ ಕೆಲವು ಸಲ ಹಿಂಡಿ ಕಳಸ್ತದ.

ಆ ಎರಡು ಪದದ ನುಡಿ ಕಾಕಾನ ಗುರುಭಾಯಿ ಒಬ್ಬರಿಗೆ ಬರ್ತಾವಂತ, ಅವರು ಯಾದಗಿರಿ ಕಡಿ ಅದಾರ, ಶ್ರಾವಣದಾಗ ಇಬ್ಬರೂ ಕೂಡಿ ಬರ್ತೀವಿ ಅಂದಾರ. ಕೌದಿ ತಗದು ಮಾಳಿಗಿ ಮ್ಯಾಲ ಬಿಸಲಿಗಿ ಹಾಕೀನಿ.