ಕುಂಚಿಗಿ ತೆಗೆದು ತೂಗಿದ ಮೇಲೆ

ಮಗಳಿಗೆ ಆರು ವಾರ ತುಂಬಿದಾಗ ಲಸಿಕೆ ಹಾಕಿಸಲು ಕಲಬುರಗಿಯ ನಮ್ಮ ಓಣಿಯ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಸಿಸ್ಟರ್ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಸಿ ತೂಕ ಮಾಡಿದರು. 3 ಕೆಜಿ 300 ಗ್ರಾಂ. ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ಅದು ಹಸಿರು ಪಟ್ಟಿಯ ಕೆಳಗೆ ಇಳಿದು ಹಳದಿಯಲ್ಲಿ ಬಿತ್ತು. ಎರಡು ವಾರದ ಹಿಂದೆ, ಚಿತ್ತಾಪುರ ತಾಲ್ಲೂಕಿನ ತವರುಮನೆಯಲ್ಲಿ ತೂಗಿದಾಗ 3 ಕೆಜಿ 200 ಇತ್ತು. ಹದಿನಾಲ್ಕು ದಿನಕ್ಕೆ ಬರೀ ನೂರು ಗ್ರಾಂ! ಲಸಿಕೆಯ ಸೂಜಿಗೆ ಕೂಸು ಅತ್ತಿತು, ನಾನೂ ಅತ್ತೆ. ಜೊತೆಗಿದ್ದ ಅವ್ವ ಹೇಳಿದ್ದು ಒಂದೇ ಮಾತು: "ಹಾಲು ಸಾಲವಲ್ದು ಯವ್ವಾ. ಡಬ್ಬಿ ಹಾಲು ಹಚ್ಚೋಣ."

ಮನೆಗೆ ಬಂದ ಮೇಲೆ ಒಂದು ವಿಷಯ ನೆನಪಾಯಿತು. ಇಪ್ಪತ್ತೆಂಟನೇ ದಿನ ಆಶಾ ಅಕ್ಕೋರು ಊರಿನ ಮನೆಗೆ ಬಂದು ತೂಗುವಾಗ, ಬರಿಮೈಯಲ್ಲಿ ತೂಗಬೇಕು ಎಂದು ಅವರು ಎರಡು ಸಲ ಹೇಳಿದ್ದರು. ಅವ್ವ ಬಿಟ್ಟಿರಲಿಲ್ಲ. ಗಾಳಿ ತಾಕುತ್ತದೆ, ದೃಷ್ಟಿ ಆಗುತ್ತದೆ ಎಂದು ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗಿ ಸಮೇತವೇ ತೂಗಿಸಿದ್ದಳು. ಮರುದಿನ ನಮ್ಮನೆಯವರು ಆ ಕುಂಚಿಗಿ, ಬೆಳ್ಳಿಯ ಕಾಲ್ಗಡಗ, ಉಡದಾರ, ಒಂದು ಒದ್ದೆ ಲಂಗೋಟಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರು. 190 ಗ್ರಾಂ.

ಅಂದರೆ ಇಪ್ಪತ್ತೆಂಟನೇ ದಿನದ ನಿಜವಾದ ತೂಕ ಸುಮಾರು 3 ಕೆಜಿ 10 ಗ್ರಾಂ. ಹದಿನಾಲ್ಕನೇ ದಿನ ಆಸ್ಪತ್ರೆಯಲ್ಲಿ ಬರಿಮೈಯಲ್ಲಿ ತೂಗಿದಾಗ 2 ಕೆಜಿ 720 ಇತ್ತು. ಲೆಕ್ಕ ಹಾಕಿದರೆ ಅಲ್ಲಿಂದ ಇಪ್ಪತ್ತೆಂಟನೇ ದಿನದವರೆಗಿನ ಎರಡು ವಾರಕ್ಕೆ 290, ಆಮೇಲಿನ ಎರಡು ವಾರಕ್ಕೂ 290. ಕೂಸು ಏಕಾಏಕಿ ಸೊರಗಿರಲಿಲ್ಲ. ಮೊದಲಿನಿಂದಲೂ ದಿನಕ್ಕೆ 20 ಗ್ರಾಂನಂತೆ ನಿಧಾನವಾಗಿಯೇ ಏರುತ್ತಿತ್ತು, ಆ ನಿಧಾನವನ್ನು ಕುಂಚಿಗಿ ಮುಚ್ಚಿಟ್ಟಿತ್ತು. ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ ಏರಬೇಕು. ಇನ್ನೂ ಹಿಂದಕ್ಕೆ ಹೋದರೆ, ಹುಟ್ಟಿದಾಗ ಅವಳು 2 ಕೆಜಿ 850, ಮೂರನೇ ದಿನ 2 ಕೆಜಿ 640. ಹುಟ್ಟಿದ ಮೊದಲ ದಿನಗಳಲ್ಲಿ ಅಷ್ಟು ಇಳಿಯುವುದು ಸಹಜ. ಆದರೆ ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿ ಬರಬೇಕಿತ್ತು. ಬಂದಿರಲಿಲ್ಲ. ನಾನು ಎಚ್ಚರಾಗಬೇಕಿದ್ದದ್ದು ಆ ದಿನವೇ.

ಅಂದು ಸಂಜೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಮೇಡಂ ಮೊದಲು ಕೂಸನ್ನು ಪೂರ್ತಿ ನೋಡಿದರು. ನಾಲಿಗೆ ಕೆಳಗೆ ಬೆರಳಿಟ್ಟು ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡಿದೆಯೇನೋ ನೋಡಿದರು, ಎದೆ ಬಡಿತ ಕೇಳಿದರು, ನೆತ್ತಿ ಮುಟ್ಟಿದರು, ಮೂತ್ರ ಪರೀಕ್ಷೆಗೆ ಬರೆದರು. ಹಾಲು ಕುಡಿಯುವಾಗ ಬೆವರುತ್ತಾಳೇನು, ಏದುಸಿರು ಬರುತ್ತದೇನು, ದಿನಕ್ಕೆ ಎಷ್ಟು ಸಲ ಉಚ್ಚೆ ಹೋಗುತ್ತಾಳೆ ಎಂದು ಕೇಳಿದರು. ನನ್ನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಹಿಮೋಗ್ಲೋಬಿನ್ 9.2 ಬಂತು, ಥೈರಾಯ್ಡ್ ಸರಿಯಿತ್ತು. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ತೂಕ ಏರದಿದ್ದಾಗ ಮನೆಯಲ್ಲಿ ಏನು ಮಾಡಬೇಕೆಂದು ಯೋಚಿಸುವ ಮೊದಲು ಈ ತಪಾಸಣೆ ಆಗಲೇಬೇಕು. ಮೂತ್ರದ ಸೋಂಕೋ ಹೃದಯದ ತೊಂದರೆಯೋ ಇದ್ದರೆ ಎಷ್ಟು ಕುಡಿಸಿದರೂ ಕೂಸಿಗೆ ಮೈ ಹತ್ತುವುದಿಲ್ಲ.

ಆಮೇಲೆ ಅವರು ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತು, "ಈಗ ಇಲ್ಲೇ ಕುಡಿಸ್ರಿ, ನಾ ನೋಡ್ತೀನಿ" ಅಂದರು. ಆರು ವಾರದಲ್ಲಿ ನಾನು ಕುಡಿಸುವುದನ್ನು ಹೀಗೆ ಕೂತು ನೋಡಿದವರು ಯಾರೂ ಇರಲಿಲ್ಲ.

ಕೂಸು ಬಾಯಿ ಹಾಕಿತು. ನಾಲ್ಕೈದು ಸಲ ಜೋರಾಗಿ ಚೀಪಿತು, ಎರಡು ಸಲ ನುಂಗಿತು, ಕಣ್ಣು ಮುಚ್ಚಿತು. ಆಮೇಲೆ ತುಟಿ ಸಣ್ಣಗೆ ಅಲುಗುತ್ತಲೇ ಇತ್ತು. ಮೇಡಂ ನನ್ನ ಬೆರಳು ಹಿಡಿದು ಕೂಸಿನ ಗದ್ದದ ಕೆಳಗೆ ಇಟ್ಟರು. "ಏನಾರ ನುಂಗಲಕತ್ತಾಳೇನ್ರಿ?" ಏನೂ ಇಲ್ಲ. ಗದ್ದ ಕೆಳಗೆ ಇಳಿಯುತ್ತಿಲ್ಲ, ಗಂಟಲಲ್ಲಿ ಸದ್ದಿಲ್ಲ. ಚಿಟ್ಟೆ ರೆಕ್ಕೆ ಬಡಿದಷ್ಟು ಹಗುರವಾಗಿ ತುಟಿ ಆಡುತ್ತಿದೆ, ಅಷ್ಟೇ. "ಎಷ್ಟೊತ್ತು ಕುಡೀತಾಳ?" ಒಂದೊಂದು ಸಲ ಒಂದು ತಾಸು ಎಂದೆ. "ತಾಸು ಎದಿ ಮ್ಯಾಲ ಇರ್ತಾಳ. ಕುಡಿಯೋದು ಮೂರು ನಿಮಿಷ."

ಈ ಬರಹದಲ್ಲಿ ನಾನು ಹೇಳಬೇಕಾದದ್ದು ಇದೇ. ನಮ್ಮ ಕಡೆ ಎಲ್ಲರೂ ಕೇಳುವುದು "ಹಾಲು ಅದನೋ ಇಲ್ಲೋ" ಎಂದು. ನನ್ನ ಹತ್ತಿರ ಹಾಲಿತ್ತು. ಅದು ಕೂಸಿನ ಹೊಟ್ಟೆಗೆ ಹೋಗುತ್ತಿರಲಿಲ್ಲ. ಹೋಗದ ಹಾಲು ಎದೆಯಲ್ಲೇ ಉಳಿದರೆ ಮೈ ಮುಂದಿನ ಹಾಲನ್ನು ಕಡಿಮೆ ಮಾಡಿಕೊಳ್ಳುತ್ತದೆ. ಖಾಲಿಯಾದಷ್ಟೂ ತುಂಬುತ್ತದೆ, ಊರ ಬಾವಿಯ ಸೆಲೆಯ ಹಾಗೆ.

ಕಾರಣಗಳು ಒಂದರ ಮೇಲೊಂದು ಕೂಡಿದ್ದವು. ಸಿಸೇರಿಯನ್ ಆಗಿತ್ತು. ಹೆರಿಗೆಯಾದ ಆಸ್ಪತ್ರೆಯಲ್ಲಿ ನನಗಿನ್ನೂ ಹಾಲು ಬಂದಿಲ್ಲವೆಂದು ಎರಡು ದಿನ ಬಾಟಲಿಯಲ್ಲಿ ಪುಡಿ ಹಾಲು ಕೊಟ್ಟರು. ಮೊದಲ ದಿನದ ಗಿಣ್ಣು ಹಾಲು ನಾಲ್ಕು ಹನಿಯಾದರೂ ಅಷ್ಟೇ ಸಾಕು ಎಂದು ಯಾರೂ ಹೇಳಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಆಮೇಲೆ ಕೂಸು ತೊಟ್ಟಿನ ತುದಿಯನ್ನಷ್ಟೇ ಹಿಡಿಯುವುದನ್ನು ಕಲಿಯಿತು, ನನಗೆ ತೊಟ್ಟು ಬಿರಿದು ರಕ್ತ ಬಂತು, ನೋವಿಗೆ ಹೆದರಿ ಕುಡಿಸುವುದನ್ನು ಮುಂದೂಡಿದೆ. ಏಪ್ರಿಲ್ ತಿಂಗಳು. ದಿನಾ ಎಣ್ಣೆ ಹಚ್ಚಿ ಬಿಸಿ ನೀರು ಎರೆದು, ಲೋಬಾನದ ಹೊಗೆ ಹಾಕಿ, ಕುಂಚಿಗಿ ಕಟ್ಟಿ ಮಲಗಿಸಿದರೆ ಕೂಸು ನಾಲ್ಕೈದು ತಾಸು ಏಳುತ್ತಿರಲಿಲ್ಲ. ಮಲಗಿದ ಕೂಸನ್ನು ಎಬ್ಬಿಸಬಾರದು ಎಂದು ಎಲ್ಲರ ಮಾತು. ಎದ್ದ ಮೇಲೆ ಎರಡು ಚಮಚ ಗುಟ್ಟಿ (ಕಲ್ಲಿನ ಮೇಲೆ ತೇಯ್ದ ಬೇರು-ಕಾಯಿಗಳ ಮದ್ದು), ಬಿಸಿಲಿಗೆ ಬಾಯಿ ಒಣಗುತ್ತದೆಂದು ನಾಲ್ಕು ಚಮಚ ನೀರು. ಅಂಗೈಯಷ್ಟು ಹೊಟ್ಟೆಯಲ್ಲಿ ಹಾಲಿಗೆ ಇನ್ನೆಷ್ಟು ಜಾಗ ಉಳಿಯುತ್ತದೆ?

ಮೇಡಂ ಡಬ್ಬಿ ಹಾಲು ಬೇಡವೇ ಬೇಡ ಎನ್ನಲಿಲ್ಲ. ಒಂದು ವಾರ ಹೇಳಿದ ಹಾಗೆ ಮಾಡಿ, ಮುಂದಿನ ವಾರ ಇದೇ ತಕ್ಕಡಿಯಲ್ಲಿ ತೂಗೋಣ, ಏರದಿದ್ದರೆ ಕೊಡೋಣ ಅಂದರು. ನಾನೂ ಒಪ್ಪಿದೆ. ಎದೆಹಾಲೇ ಕುಡಿಸಬೇಕೆಂಬ ಆಸೆ ನನಗೆ ದೊಡ್ಡದೇ, ಆದರೆ ಕೂಸು ಹಸಿದಿದ್ದರೆ ಆ ಆಸೆಗೆ ಬೆಲೆಯಿಲ್ಲ.

ಮೊದಲು ತಿದ್ದಿದ್ದು ಬಾಯಿ ಹಿಡಿಸುವುದನ್ನು. ಎಡ ಎದೆಗೆ ಕುಡಿಸುವಾಗ ಬಲಗೈಯಲ್ಲಿ ಕೂಸಿನ ಬೆನ್ನು ಮತ್ತು ಕತ್ತಿನ ಬುಡ ಹಿಡಿದು, ಎಡಗೈಯಲ್ಲಿ ಎದೆ ಹಿಡಿದೆ. ಕೂಸಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗಬೇಕು, ಕತ್ತು ತಿರುಚಬಾರದು. ತೊಟ್ಟನ್ನು ಮೇಲ್ದುಟಿಗೆ ತಾಗಿಸಿ ಕಾಯಬೇಕು. ಆಕಳಿಸಿದಷ್ಟು ಅಗಲ ಬಾಯಿ ತೆರೆದ ಕ್ಷಣ, ನಾನು ಬಗ್ಗದೆ ಕೂಸನ್ನೇ ಎದೆಗೆ ತಂದುಕೊಳ್ಳಬೇಕು. ಗದ್ದ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ನೋವಾದರೆ ಬಾಯಿಯ ಅಂಚಿನಲ್ಲಿ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು. ಮೊದಲ ದಿನ ಒಂದೊಂದು ಸಲಕ್ಕೂ ಐದಾರು ಸಲ ಬಿಡಿಸಿ ಹಿಡಿಸಿದೆ. ಮೂರನೇ ದಿನ ನೋವು ಕಡಿಮೆಯಾಗಿದ್ದು ಕಂಡು ಸರಿಯಾಗುತ್ತಿದೆ ಎಂಬ ಧೈರ್ಯ ಬಂತು.

ಆಮೇಲೆ ನುಂಗುವುದನ್ನು ಕೇಳುವುದು ಕಲಿತೆ. ಹಾಲು ಇಳಿಯುವಾಗ ಗದ್ದ ಕೆಳಗಿಳಿದು ಒಂದು ಗಳಿಗೆ ನಿಲ್ಲುತ್ತದೆ, ಮೂಗಿನಿಂದ 'ಕ್ಹ' ಎಂದು ಮೆಲ್ಲಗೆ ಉಸಿರು ಬರುತ್ತದೆ. ಫ್ಯಾನ್ ಸದ್ದಿನಲ್ಲಿ ಅದು ಕೇಳುವುದಿಲ್ಲ. ಬೆಳಗಿನ ಜಾವ ಕರೆಂಟ್ ಹೋದಾಗ ಮೊದಲ ಸಲ ಸ್ಪಷ್ಟವಾಗಿ ಕೇಳಿದೆ. ನುಂಗುವುದು ನಿಂತು ತುಟಿ ಆಡತೊಡಗಿದ ಕೂಡಲೇ ಎದೆಯನ್ನು ಬುಡದಲ್ಲಿ ಹಿಡಿದು ಮೆತ್ತಗೆ ಒತ್ತಿದರೆ ಮತ್ತೆ ನಾಲ್ಕು ಗುಟುಕು. ಒತ್ತಿದರೂ ನುಂಗದಿದ್ದರೆ ಇನ್ನೊಂದು ಬದಿಗೆ. ನಿದ್ದೆಗೆ ಜಾರಿದರೆ ಅಂಗಿ ಬಿಚ್ಚಿ ಅಂಗಾಲು ತಿಕ್ಕುವುದು, ಲಂಗೋಟಿ ಬದಲಿಸುವುದು. ಗಡಿಯಾರ ನೋಡಿ ಐದೈದು ನಿಮಿಷಕ್ಕೆ ಬದಿ ಬದಲಿಸುತ್ತಿದ್ದ ರೂಢಿಯನ್ನು ಬಿಟ್ಟೆ. ಗಡಿಯಾರ ಬೇಕಾದದ್ದು ಒಂದಕ್ಕೇ: ಹಗಲಿನಲ್ಲಿ ಎರಡೂವರೆ ತಾಸು, ರಾತ್ರಿ ಮೂರು ತಾಸು ದಾಟುವ ಮುನ್ನ ಎಬ್ಬಿಸಲು. ದಿನಕ್ಕೆ ಹತ್ತು ಸಲವಾದರೂ ಕುಡಿಸುತ್ತಿದ್ದೆ.

ದಿನಕ್ಕೆ ಮೂರು ಸಲ, ಕುಡಿಸಿದ ಮೇಲೆ ಉಳಿದ ಹಾಲನ್ನು ಕೈಯಿಂದ ಹಿಂಡುತ್ತಿದ್ದೆ. ಕೈ ತೊಳೆದು, ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ಕಪ್ಪು ಭಾಗದ ಅಂಚಿನ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಬೇಕು. ಚರ್ಮದ ಮೇಲೆ ಬೆರಳು ಜಾರಿಸಿ ಎಳೆದರೆ ಬರೀ ಉರಿ. ಮೊದಲ ದಿನ ಔಷಧದ ಮುಚ್ಚಳದಲ್ಲಿ ಅಳೆದರೆ 10 ಎಂಎಲ್. ಸ್ಟೀಲ್ ಬಟ್ಟಲಿನ ತಳವೂ ಮುಚ್ಚಿರಲಿಲ್ಲ. ಆದರೆ ಆ ಹಾಲು ದಪ್ಪವಾಗಿ ಕೆನೆಬಣ್ಣಕ್ಕಿತ್ತು. ಕುಡಿಸುವ ಮೊದಲು ಹಿಂಡಿದರೆ ಬರುವುದು ತಿಳಿ ಹಾಲು. ಕೊನೆಯಲ್ಲಿ ಬರುವುದರಲ್ಲಿ ಜಿಡ್ಡು ಹೆಚ್ಚು, ತೂಕಕ್ಕೆ ಅದು ಬೇಕು. ಕುದಿಸಿ ತೆಗೆದ ಬಟ್ಟಲು-ಚಮಚದಲ್ಲಿ ಆಗಲೇ ಕುಡಿಸುತ್ತಿದ್ದೆ. ನಮ್ಮ ಮೇ ತಿಂಗಳ ಸೆಕೆಯಲ್ಲಿ ಹಿಂಡಿದ ಹಾಲನ್ನು ಹೊರಗಿಡುವ ಮಾತೇ ಇಲ್ಲ. ವಾರ ಕಳೆಯುವಷ್ಟರಲ್ಲಿ ಒಂದು ಸಲಕ್ಕೆ 35-40 ಎಂಎಲ್ ಬರತೊಡಗಿತು.

ನೀರು ನಿಲ್ಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹೊರಗೆ 43 ಡಿಗ್ರಿ ಬಿಸಿಲು, ಅವ್ವನಿಗೆ ಸಂಕಟ. "ನಮಗೇ ಜೀವ ಹೋಗಲಕತ್ತದ, ಕೂಸಿಗೆ ನೀರು ಬ್ಯಾಡಂತೀಯಲ್ಲ." ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೆಂಟು ಪಾಲು ನೀರೇ, ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ ಎಂದು ಹೇಳಿದರೆ ಅವಳಿಗೆ ನಂಬಿಕೆ ಬರಲಿಲ್ಲ. ಮೇಡಂ ಹೇಳಿದ ಇನ್ನೊಂದು ಮಾತು ಉಪಯೋಗಕ್ಕೆ ಬಂತು: ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ತಿಳಿ ಉಚ್ಚೆ ಹೋದರೆ ಕೂಸಿಗೆ ನೀರಿನ ಕೊರತೆಯಿಲ್ಲ. ಅವ್ವ ಓದಿದವಳಲ್ಲ. ಒಂದು ಬಟ್ಟಲು ತಂದಿಟ್ಟುಕೊಂಡು, ಲಂಗೋಟಿ ಒದ್ದೆಯಾದಾಗಲೆಲ್ಲ ಒಂದು ತೊಗರಿ ಕಾಳು ಹಾಕಿದಳು. ಮೊದಲ ದಿನ ದೀಪ ಹಚ್ಚುವ ಹೊತ್ತಿಗೆ ಏಳು ಕಾಳು. ಎರಡನೇ ದಿನ ಒಂಬತ್ತು. ಮೂರನೇ ದಿನದಿಂದ ನೀರಿನ ಮಾತು ನಿಂತಿತು. ಗುಟ್ಟಿಯ ಕಲ್ಲನ್ನೂ ತಾನೇ ತೊಳೆದು ಮೇಲಿಟ್ಟಳು. ಹಗಲು ಕುಂಚಿಗಿ ಬಿಟ್ಟು ತೆಳ್ಳನೆಯ ಹತ್ತಿ ಬಟ್ಟೆ ಹಾಕಿದೆವು, ಕೂಸು ತಾನಾಗಿಯೇ ಬೇಗ ಏಳತೊಡಗಿತು. ಕಾಳು ಆರಕ್ಕಿಂತ ಕಡಿಮೆಯಾದರೆ, ಉಚ್ಚೆ ಕಡುಹಳದಿಯಾದರೆ, ಎಬ್ಬಿಸಿದರೂ ಕೂಸು ಕುಡಿಯಲು ಏಳದಿದ್ದರೆ, ಜ್ವರ ಬಂದರೆ, ನೆತ್ತಿ ಕುಳಿ ಬಿದ್ದರೆ ವಾರ ಕಾಯದೆ ಅಂದೇ ಓಡಿ ಬರಬೇಕು ಎಂದು ಮೇಡಂ ಅವ್ವನ ಕೈಹಿಡಿದೇ ಹೇಳಿದ್ದರು.

ನನ್ನ ಊಟದ ಬಗ್ಗೆ ಎರಡೇ ಮಾತು. ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಿಗಿ ಪಲ್ಯ ಎಲ್ಲ ಅವ್ವ ಪ್ರೀತಿಯಿಂದ ಮಾಡಿದಳು, ನಾನು ತಿಂದೆ, ಮೈಗೆ ಕಸುವು ಬಂತು. ಹಾಲು ಹೆಚ್ಚಿದ್ದು ಮಾತ್ರ ಎದೆ ಖಾಲಿಯಾಗತೊಡಗಿದ ಮೇಲೆ ಎಂದೇ ನನ್ನ ನಂಬಿಕೆ. ಬಾಣಂತಿ ನೀರು ಕುಡಿಯಬಾರದು ಎಂಬ ಕಟ್ಟನ್ನು ಮುರಿದೆ. ಕುಡಿಸಲು ಕೂರುವಾಗಲೆಲ್ಲ ಪಕ್ಕದಲ್ಲಿ ಒಂದು ತಂಬಿಗೆ ನೀರು. ಕಬ್ಬಿಣದ ಮಾತ್ರೆ ತಪ್ಪಿಸಲಿಲ್ಲ.

ಆ ವಾರ ಒಂದು ರಾತ್ರಿ ಬಿಟ್ಟರೆ ನಾನು ಒಮ್ಮೆಗೆ ಎರಡು ತಾಸಿನ ಮೇಲೆ ಮಲಗಿದ್ದಿಲ್ಲ. ನಾಲ್ಕನೇ ರಾತ್ರಿ ಹಿಂಡಿದ ಹಾಲಿನ ಬಟ್ಟಲಿಗೆ ಕೈ ತಾಗಿ ಫರ್ಸಿಯ ಮೇಲೆ ಚೆಲ್ಲಿತು. ಇಪ್ಪತ್ತು ಎಂಎಲ್ ಇದ್ದೀತು. ಗೋಡೆಗೆ ತಲೆ ಕೊಟ್ಟು ಅತ್ತೆ. ನಮ್ಮನೆಯವರು ನೆಲ ಒರೆಸಿ, ಏನೂ ಹೇಳದೆ ಕೂಸನ್ನು ಎತ್ತಿಕೊಂಡು ಮಾಳಿಗೆಗೆ ಹೋದರು. ಮೂರು ತಾಸು ಬಿಟ್ಟು ಎಬ್ಬಿಸಿದರು. ಸಹಾಯ ಎಂದರೆ ಇದೇ. ಮಿಕ್ಕವರು ಮನೆಗೆ ಬಂದು "ಎಷ್ಟು ಬಡಕಾಗ್ಯಾದ" ಎಂದು ಹೇಳಿ ಹೋಗುತ್ತಿದ್ದರು. ಅದು ಹಸಿ ಬಾಣಂತಿಯ ಎದುರು ಆಡುವ ಮಾತಲ್ಲ.

ಏಳನೇ ವಾರ 3 ಕೆಜಿ 440. ದಿನಕ್ಕೆ ಮತ್ತೆ 20 ಗ್ರಾಂ. ನನಗೆ ಎದೆ ಒಡೆದಂತಾಯಿತು. ಮೇಡಂ ಮಾತ್ರ ಕೂಸು ಕುಡಿಯುವುದನ್ನು ಮತ್ತೆ ನೋಡಿ, ನುಂಗುವುದನ್ನು ಎಣಿಸಿ, ಇನ್ನೊಂದು ವಾರ ನೋಡೋಣ ಅಂದರು. ಎಂಟನೇ ವಾರ 3 ಕೆಜಿ 620. ಒಂಬತ್ತನೇ ವಾರ 3 ಕೆಜಿ 840. ದಿನಕ್ಕೆ 31 ಗ್ರಾಂ! ಹತ್ತನೇ ವಾರ ಎರಡನೇ ಲಸಿಕೆಗೆ ಹೋದಾಗ 4 ಕೆಜಿ 40. ಚುಕ್ಕೆ ಇನ್ನೂ ಹಳದಿಯಲ್ಲೇ ಇತ್ತು, ಆದರೆ ಗೆರೆ ಮೇಲ್ಮುಖವಾಗಿತ್ತು. ಬಣ್ಣಕ್ಕಿಂತ ಗೆರೆಯ ದಿಕ್ಕು ನೋಡ್ರಿ ಎಂದು ಮೇಡಂ ಹೇಳಿ, ಹಿಂಡಿ ಚಮಚದಲ್ಲಿ ಕುಡಿಸುವ ಹಾಲನ್ನು ದಿನಕ್ಕೆ ಮೂರು ಸಲದಿಂದ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದರು. ನಡುವೆ ಮನೆಯಲ್ಲಿ ತೂಗಬೇಡಿ ಎಂದೂ ತಾಕೀತು ಮಾಡಿದ್ದರು. ಹಾಲು ಕುಡಿದು, ಉಚ್ಚೆ ಹೋಗಿ ಐವತ್ತು ಅರವತ್ತು ಗ್ರಾಂ ಆಚೀಚೆ ಆಗುವುದನ್ನು ದಿನಾ ನೋಡಿದರೆ ತಾಯಿಯ ನಿದ್ದೆ ಕೆಡುತ್ತದೆ, ಇನ್ನೇನೂ ತಿಳಿಯುವುದಿಲ್ಲ.

ಹದಿನಾಲ್ಕನೇ ವಾರದ ಲಸಿಕೆಯ ಹೊತ್ತಿಗೆ ಮಳೆ ಹಿಡಿದಿತ್ತು. ಊರಿನಲ್ಲಿ ತೊಗರಿ ಬಿತ್ತನೆ ನಡೆದಿತ್ತು, ಅವ್ವ ಮರುದಿನವೇ ಹೊರಡುವವಳಿದ್ದಳು. ಆರೋಗ್ಯ ಕೇಂದ್ರದಲ್ಲಿ ನಮ್ಮ ಸರದಿ ಬಂದಾಗ ಸಿಸ್ಟರ್ ಇನ್ನೂ ತಲೆ ಎತ್ತಿರಲಿಲ್ಲ. ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂಚಿಗಿಯ ಗಂಟು ಬಿಚ್ಚಿದಳು, ಕಾಲ್ಗಡಗ ಕಳಚಿದಳು, ಉಡದಾರ, ಲಂಗೋಟಿ ತೆಗೆದು ಎಲ್ಲವನ್ನೂ ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. ಬರಿಮೈ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿ, ಕೈ ಹಿಂದಕ್ಕೆ ತೆಗೆದು, "ಈಗ ನೋಡ್ರಿ ಬಾಯಿ" ಅಂದಳು. 4 ಕೆಜಿ 980.