ಹಕ್ಕಿ ಎಣಿಸಿ ದೇಣಿಗೆ ಎತ್ತುವವರಿಗೆ

ನ್ಯೂಜೆರ್ಸಿ ಸುತ್ತಮುತ್ತಲಿನ ಪಕ್ಷಿಪ್ರಿಯರೇ, ಮೇ ತಿಂಗಳ ವರ್ಲ್ಡ್ ಸೀರೀಸ್ ಆಫ್ ಬರ್ಡಿಂಗ್‌ಗೆ ತಂಡ ಕಟ್ಟೋ ಯೋಚನೆ ಇದ್ರೆ ಇದನ್ನ ಓದಿ. ನ್ಯೂಜೆರ್ಸಿ ಆಡುಬಾನ್ ಅನ್ನೋ ಪಕ್ಷಿ ಸಂರಕ್ಷಣಾ ಸಂಸ್ಥೆ 1984ರಲ್ಲಿ ಶುರುಮಾಡಿದ ಸ್ಪರ್ಧೆ. 24 ಗಂಟೆಯಲ್ಲಿ ನೋಡಿದ, ದನಿ ಕೇಳಿ ಗುರುತಿಸಿದ ಪ್ರಭೇದಗಳನ್ನ ತಂಡ ಎಣಿಸುತ್ತೆ. ಪ್ರಭೇದಕ್ಕೆ ಇಂತಿಷ್ಟು ಅಂತ ದಾನಿಗಳು ಮೊದಲೇ ಮಾತು ಕೊಟ್ಟಿರ್ತಾರೆ.

ಹಕ್ಕಿ ಹುಡುಕೋದಕ್ಕಿಂತ ಹಣ ಕೇಳೋದೇ ಕಷ್ಟ. ಕೊನೆಗೆ ಎಷ್ಟಾಗುತ್ತೋ ಅನ್ನೋ ಅಳುಕಿಗೆ ಜನ ಹಿಂಜರೀತಾರೆ. ಲೆಕ್ಕ ಬಿಡಿಸಿ ಹೇಳಿ: ಪ್ರಭೇದಕ್ಕೆ 10 ಸೆಂಟ್, 120 ಸಿಕ್ಕರೆ 12 ಡಾಲರ್, ಅಷ್ಟೇ. ಬೇಕಾದವರು ಗರಿಷ್ಠ ಮಿತಿ ಹಾಕಿಕೊಳ್ಳಲಿ. ಆಫೀಸಿನ ಮ್ಯಾಚಿಂಗ್ ದೇಣಿಗೆ (ಉದ್ಯೋಗಿ ಕೊಟ್ಟ ದೇಣಿಗೆಗೆ ಕಂಪನಿಯೂ ತನ್ನ ಪಾಲು ಸೇರಿಸೋದು) ವಿಚಾರಿಸೋದು ಮರೀಬೇಡಿ, ನಮ್ಮಲ್ಲಿ ಐಟಿಯವರಿಗೇನು ಬರವೇ!

ಹಕ್ಕಿಗೆಲ್ಲ ಯಾಕ್ರೀ ದುಡ್ಡು ಅಂದವರಿಗೆ ರೆಡ್ ನಾಟ್ ಕಥೆ ಹೇಳಿ. ದಕ್ಷಿಣ ಅಮೆರಿಕದ ತುದಿಯಿಂದ ಆರ್ಕ್ಟಿಕ್‌ಗೆ ಹಾರುವಾಗ ಮೇ ತಿಂಗಳಲ್ಲೇ ಡೆಲಾವೇರ್ ಕೊಲ್ಲಿಗಿಳಿದು, ಹಾರ್ಸ್‌ಶೂ ಏಡಿಯ ಮೊಟ್ಟೆ ತಿಂದು ಮೈತೂಕ ಹೆಚ್ಚುಕಮ್ಮಿ ಇಮ್ಮಡಿ ಮಾಡಿಕೊಳ್ಳುವ ಹಕ್ಕಿ. ಏಡಿಗಳನ್ನ ಮಿತಿಮೀರಿ ಹಿಡಿದಾಗ ಇವುಗಳ ಸಂಖ್ಯೆಯೂ ಕುಸೀತು. 2008ರಲ್ಲಿ ನ್ಯೂಜೆರ್ಸಿ ಈ ಏಡಿ ಹಿಡಿಯೋದನ್ನೇ ನಿಲ್ಲಿಸಿತು. ಅಂಕಿಅಂಶ ಓದದವರೂ ಈ ಕಥೆ ಕೇಳಿ ಕೈ ಬಿಚ್ತಾರೆ.

ಸ್ಪರ್ಧೆಯ ದಿನದ ದಾರಿಯನ್ನ ಮೊದಲೇ ಒಮ್ಮೆ ಓಡಾಡಿ ಗೊತ್ತುಮಾಡಿಕೊಳ್ಳಿ. ಕತ್ತಲಿರುವಾಗಲೇ ಗೂಬೆಗಳಿಗೆ ಕಿವಿಗೊಡಿ, ಆದ್ರೆ ರೆಕಾರ್ಡಿಂಗ್ ಹಾಕಿ ಗೂಡು ಕಟ್ಟೋ ಹಕ್ಕಿಗಳನ್ನ ಕೆಣಕಬೇಡಿ. ಪಟ್ಟಿ ಬರೆಯೋಕೆ ಒಬ್ಬರನ್ನೇ ನೇಮಿಸಿ. ಮುಗಿದ ವಾರದೊಳಗೆ ದಾನಿಗಳಿಗೆ ಆ ಪಟ್ಟಿ, ಒಂದೆರಡು ಫೋಟೋ ಕಳಿಸಿ. ತಡವಾದ್ರೆ ಕೊಟ್ಟ ಮಾತು ಅವರಿಗೇ ಮರೆತುಹೋಗಿರುತ್ತೆ.