ಕಿತ್ತಳೆ ಸಿಪ್ಪೆ, ದಾಳಿಂಬೆ ಸಿಪ್ಪೆ: ಕರುಳಿಗೆ ಒಗ್ಗುವಂತೆ ಬಳಸುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕೊಯ್ಲಿನ ದಿನಗಳಲ್ಲೇ ತೋಟದೊಳಗಿನ ಕಿತ್ತಳೆಯೂ ಹಣ್ಣಾಗುತ್ತದೆ. ಕೊಡಗಿನ ಕಿತ್ತಳೆ ಎಂದು ಭೌಗೋಳಿಕ ಗುರುತು ಪಡೆದಿರುವ ತಳಿ ಕೊಡಗಿಗಷ್ಟೇ ಸೇರಿದ್ದಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತೋಟಗಳಲ್ಲೂ ಅದು ಇದೆ. ಸಡಿಲವಾದ ಅದರ ಸಿಪ್ಪೆ ಉಗುರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡದ್ದು ನೇರವಾಗಿ ಗೊಬ್ಬರದ ಗುಂಡಿ ಸೇರುತ್ತದೆ. ಸಿಪ್ಪೆಯ ಗೊಜ್ಜು ಮಾಡುವ ಮನೆಗಳು ಕಡಿಮೆಯಾಗುತ್ತಿರುವ ಹೊತ್ತಿನಲ್ಲೇ, ಅದೇ ಸಿಪ್ಪೆಯ ಪುಡಿ 'ಕರುಳು ಶುದ್ಧಿ'ಯ ಹೆಸರಿನಲ್ಲಿ ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಸಿಪ್ಪೆ ಕರುಳನ್ನು ತೊಳೆಯುವುದಿಲ್ಲ. ಅದು ಮಾಡುವ ಕೆಲಸ ಬೇರೆ, ಆ ಕೆಲಸವನ್ನು ತಿಳಿದುಕೊಂಡರೆ ಅಡುಗೆಯ ಕ್ರಮವೂ ಸುಲಭವಾಗಿ ಅರ್ಥವಾಗುತ್ತದೆ.

ಕಿತ್ತಳೆ ಸಿಪ್ಪೆಯಲ್ಲಿ ಎರಡು ಪದರಗಳಿವೆ. ಹೊರಗಿನ ಬಣ್ಣದ ಪದರದಲ್ಲಿ ಪರಿಮಳದ ಎಣ್ಣೆಯ ಚೀಲಗಳೂ, ನೊಬಿಲೆಟಿನ್, ಟ್ಯಾಂಜರೆಟಿನ್ ಎಂಬ ಸಸ್ಯ ಸಂಯುಕ್ತಗಳೂ ಇವೆ. ಒಳಗಿನ ಬಿಳಿ ಪದರದಲ್ಲಿ ಪೆಕ್ಟಿನ್ ಎಂಬ ಕರಗುವ ನಾರು ಮತ್ತು ಹೆಸ್ಪೆರಿಡಿನ್ ಎಂಬ ಇನ್ನೊಂದು ಸಸ್ಯ ಸಂಯುಕ್ತ ಇವೆ. ಹೆಸ್ಪೆರಿಡಿನ್ನನ್ನು ಈ ಬಿಳಿ ಪದರದಿಂದ ಲೆಬ್ರೆಟಾನ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಬೇರ್ಪಡಿಸಿದ್ದು 1828ರಲ್ಲಿ. ಪೆಕ್ಟಿನ್ ಆಗಲಿ ಹೆಸ್ಪೆರಿಡಿನ್ ಆಗಲಿ ನಮ್ಮ ಸಣ್ಣಕರುಳಿನಲ್ಲಿ ಹೆಚ್ಚೇನೂ ಜೀರ್ಣವಾಗುವುದಿಲ್ಲ. ಎರಡೂ ದೊಡ್ಡಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಹೆಸ್ಪೆರಿಡಿನ್ನಿಗೆ ಅಂಟಿಕೊಂಡಿರುವ ಸಕ್ಕರೆಯ ಭಾಗವನ್ನು ಕತ್ತರಿಸುತ್ತವೆ. ಉಳಿದ ಹೆಸ್ಪೆರೆಟಿನ್ ಆಗ ಮಾತ್ರ ರಕ್ತಕ್ಕೆ ಸೇರುತ್ತದೆ. ಪೆಕ್ಟಿನ್ ಅಲ್ಲೇ ಹುದುಗಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಕೊಬ್ಬಿನಾಮ್ಲಗಳಾಗುತ್ತದೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಆಹಾರ. ಆದ್ದರಿಂದ ಸಿಪ್ಪೆ ತಿನ್ನುವುದೆಂದರೆ ನಾವು ಉಣ್ಣುವುದಕ್ಕಿಂತ ಹೆಚ್ಚಾಗಿ ಕರುಳಿನ ಒಕ್ಕಲಿಗೆ ಬಡಿಸುವುದು. ಉರಿಯೂತ ತಗ್ಗಿಸುವ ಗುಣದ ಬಗ್ಗೆ ಕೇಳಿಬರುವ ದೊಡ್ಡ ಮಾತುಗಳು ಬಹುಮಟ್ಟಿಗೆ ಇಲಿಗಳ ಮೇಲೆ ಮತ್ತು ಪ್ರಯೋಗಾಲಯದ ಜೀವಕೋಶಗಳ ಮೇಲೆ ನಡೆದ ಪರೀಕ್ಷೆಗಳಿಂದ ಬಂದವು. ಗೊಜ್ಜನ್ನು ಔಷಧಿಯ ಜಾಗದಲ್ಲಿ ಇಡಬಾರದು.

ಇನ್ನು ಕಹಿಯ ವಿಚಾರ. ಸಿಪ್ಪೆಯನ್ನು ಕುದಿಸಿ ನೀರು ಚೆಲ್ಲಿದರೆ ಸತ್ವವೆಲ್ಲ ಹೋಯಿತು ಎಂದು ಹಲವರು ನಂಬಿದ್ದಾರೆ. ಕಹಿಗೆ ಕಾರಣ ಲಿಮೋನಿನ್‌ನಂಥ ಬೇರೆ ಸಂಯುಕ್ತಗಳು. ಹೆಸ್ಪೆರಿಡಿನ್‌ಗೆ ಹೇಳಿಕೊಳ್ಳುವಂಥ ರುಚಿಯೇ ಇಲ್ಲ, ನೀರಿನಲ್ಲಿ ಅದು ಕರಗುವುದೂ ಬಹಳ ಕಡಿಮೆ. ಒಂದು ಸಲ ಐದು ನಿಮಿಷ ಕುದಿಸಿ ಬಸಿದರೆ ಕಹಿ ತಗ್ಗುತ್ತದೆ, ಪೆಕ್ಟಿನ್ ಸ್ವಲ್ಪ ನೀರಿಗೆ ಬಿಡುತ್ತದೆ, ಉಳಿದದ್ದರಲ್ಲಿ ಬಹುಪಾಲು ಸಿಪ್ಪೆಯಲ್ಲೇ ನಿಲ್ಲುತ್ತದೆ. ಮೂರು ನಾಲ್ಕು ಸಲ ಕುದಿಸುವುದು ಮಾತ್ರ ಅತಿಯಾಯಿತು.

ಹಣ್ಣಿನ ಆಯ್ಕೆಯಲ್ಲಿ ಬಿಗಿಯಾಗಿರಬೇಕು, ಏಕೆಂದರೆ ಹಣ್ಣಿನ ಮೇಲೆ ಬಿದ್ದದ್ದೆಲ್ಲ ಸಿಪ್ಪೆಯ ಮೇಲೇ ಇರುತ್ತದೆ. ಮನೆಯ ತೋಟದ ಹಣ್ಣು ಎಂದಮಾತ್ರಕ್ಕೆ ಅದಕ್ಕೆ ಏನೂ ತಾಗಿಲ್ಲ ಎಂದಲ್ಲ. ಕಾಫಿಗೂ ಮೆಣಸಿನ ಬಳ್ಳಿಗೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ಪಕ್ಕದ ಕಿತ್ತಳೆ ಮರಕ್ಕೂ ಅದು ಬೀಳುತ್ತದೆ. ಆದರೂ ಯಾವ ತಿಂಗಳಲ್ಲಿ ಏನು ಹೊಡೆದದ್ದು ಎಂದು ತೋಟದವರನ್ನು ಕೇಳಬಹುದು. ಪೇಟೆಯಲ್ಲಿ ಮೇಣದ ಹೊಳಪಿನೊಂದಿಗೆ ಬರುವ ಹಣ್ಣಿನ ಬಗ್ಗೆ ಕೇಳಲು ಯಾರೂ ಇರುವುದಿಲ್ಲ. ತೊಳೆಯುವುದಕ್ಕೆ ಒಂದು ಲೀಟರ್ ನೀರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಅಡುಗೆ ಸೋಡಾ ಕದಡಿ, ಹಣ್ಣನ್ನು ಸುಲಿಯುವ ಮೊದಲೇ ಕಾಲು ಗಂಟೆ ನೆನೆಸಿ, ಅಂಗೈಯಿಂದ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಪರೀಕ್ಷಿಸಿದ ಪ್ರಮಾಣವೇ ಇದು. ಮೇಲ್ಮೈಯಲ್ಲಿದ್ದ ಎರಡು ಕೀಟ-ಶಿಲೀಂಧ್ರನಾಶಕಗಳು 12ರಿಂದ 15 ನಿಮಿಷಗಳಲ್ಲಿ ಹೋದವು, ಸಿಪ್ಪೆಯೊಳಗೆ ಇಳಿದ ಅಂಶ ಹೋಗಲಿಲ್ಲ. ಆದ್ದರಿಂದ ಮೂಲ ಗೊತ್ತಿಲ್ಲದ ಹಣ್ಣಿನ ಸಿಪ್ಪೆಯನ್ನು ನಾನು ಅಡುಗೆಗೆ ತೆಗೆದುಕೊಳ್ಳುವುದಿಲ್ಲ.

ಗೊಜ್ಜಿಗೆ ಎರಡು ಹಣ್ಣುಗಳ ಸಿಪ್ಪೆ ಸಾಕು. ಬಿಳಿ ಪದರವನ್ನು ಕೆರೆದು ತೆಗೆಯಬೇಡಿ, ಪೆಕ್ಟಿನ್ ಇರುವುದೇ ಅಲ್ಲಿ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಮೇಲೆ ಹೇಳಿದಂತೆ ಒಂದು ಕುದಿ ಬರಿಸಿ ಬಸಿದಿಟ್ಟುಕೊಳ್ಳಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಮಾಡಿ, ಅದರಲ್ಲೇ ಸಿಪ್ಪೆಯನ್ನು ಅಂಚು ಮುದುಡುವವರೆಗೆ ಹುರಿಯಿರಿ. ಬಣ್ಣದ ಪದರದ ನೊಬಿಲೆಟಿನ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಎಣ್ಣೆಯನ್ನು ಮಿತಿಮೀರಿ ಉಳಿಸುವುದರಲ್ಲಿ ಅರ್ಥವಿಲ್ಲ. ಬಳಿಕ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅದಕ್ಕೆ ಸಮನಾಗಿ ಬೆಲ್ಲ, ಒಂದು ಚಮಚ ಸಾರಿನ ಪುಡಿ, ಉಪ್ಪು, ಚಿಟಿಕೆ ಅರಿಸಿನ ಹಾಕಿ ಮಂದವಾಗುವವರೆಗೆ ಕುದಿಸಿ. ಹುರಿದು ಕುಟ್ಟಿದ ಎಳ್ಳು ಒಂದು ಚಮಚ ಸೇರಿದರೆ ಉಳಿದ ಕಹಿಯೂ ಮೆತ್ತಗಾಗುತ್ತದೆ. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. ಬಿಸಿ ಅನ್ನಕ್ಕೋ ಅಕ್ಕಿರೊಟ್ಟಿಗೋ ಒಂದು ಚಮಚ ಮೊದಲ ವಾರಕ್ಕೆ ಸಾಕು. ನಾರಿನ ಅಭ್ಯಾಸವಿಲ್ಲದ ಕರುಳಿಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ಹುದುಗುವಿಕೆಯ ಗಾಳಿ ತುಂಬಿಕೊಂಡು ಹೊಟ್ಟೆ ಉಬ್ಬರಿಸುತ್ತದೆ. ಆಗ ತಪ್ಪು ಸಿಪ್ಪೆಯದಲ್ಲ, ಅವಸರದ್ದು.

ವರ್ಷವಿಡೀ ಬೇಕೆನ್ನುವವರು ಒಣಗಿಸಿಡಬಹುದು. ಕಾಫಿ ಕಣದ ಬಿಸಿಲು ಇದಕ್ಕೆ ಹೇಳಿಮಾಡಿಸಿದಂತಿದೆ, ಆದರೆ ಕಾಫಿಯ ಜೊತೆ ನೆಲದ ಮೇಲೆ ಹರಡದೆ, ಬಿದಿರಿನ ತಟ್ಟೆಯಲ್ಲಿ ತೆಳುಬಟ್ಟೆ ಮುಚ್ಚಿ ಒಣಗಿಸಬೇಕು; ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಹೋದ ವರ್ಷ ಜನವರಿಯಲ್ಲಿ ಎರಡು ದಿನ ಮೋಡ ಕವಿದದ್ದನ್ನು ಲೆಕ್ಕಿಸದೆ ಬಿಟ್ಟ ನನ್ನ ಒಂದು ತಟ್ಟೆ ಸಿಪ್ಪೆಗೆ ಬೂಷ್ಟು ಹಿಡಿಯಿತು. ಬೂಷ್ಟು ಬಂದದ್ದನ್ನು ಒರೆಸಿ ಬಳಸಬಾರದು, ಶಿಲೀಂಧ್ರದ ವಿಷ ಕಣ್ಣಿಗೆ ಕಾಣುವ ಜಾಗದಲ್ಲಷ್ಟೇ ಇರುವುದಿಲ್ಲ. ಮುರಿದರೆ ಲಟ್ಟೆನ್ನುವಷ್ಟು ಒಣಗಿದ ಮೇಲೆ ಗಾಜಿನ ಭರಣಿಗೆ ತುಂಬಿ.

ದಾಳಿಂಬೆ ಸಿಪ್ಪೆಯ ಗುಣ ಇದಕ್ಕೆ ಬಹುತೇಕ ಎದುರು. ಅದರ ಒಗರಿಗೆ ಕಾರಣ ಪ್ಯುನಿಕಲಾಜಿನ್ ಎಂಬ ಟ್ಯಾನಿನ್. ಅದು ಪ್ರೋಟೀನುಗಳನ್ನು ಹಿಡಿದು ಬಿಗಿಗೊಳಿಸುತ್ತದೆ. ಹೊಟ್ಟೆ ಸಡಿಲವಾದಾಗ ಮಲೆನಾಡಿನ ಮನೆಗಳಲ್ಲಿ ಇದರ ತಂಬುಳಿ ಮಾಡುವ ರೂಢಿ ಬಂದದ್ದು ಈ ಗುಣದಿಂದಲೇ ಇರಬೇಕು. ಇದೇ ಟ್ಯಾನಿನ್ ಒಡೆದು ಎಲಾಜಿಕ್ ಆಮ್ಲವಾಗಿ, ಅದರಿಂದ ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಸಂಯುಕ್ತಗಳನ್ನು ತಯಾರಿಸುತ್ತವೆ. ಎಲ್ಲರ ಕರುಳೂ ಇದನ್ನು ತಯಾರಿಸಲಾರದು. ಒಂದೇ ತಂಬುಳಿ ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಯುರೋಲಿಥಿನ್ ಸಿಕ್ಕಿ ಇನ್ನೊಬ್ಬನಿಗೆ ಸಿಗದೆ ಹೋಗಬಹುದು.

ತಂಬುಳಿಗೆ ಹೆಬ್ಬೆರಳ ತುದಿಯಷ್ಟು ಒಣ ಸಿಪ್ಪೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಇವನ್ನು ತುಪ್ಪದಲ್ಲಿ ಹುರಿದು, ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಉಪ್ಪಿನೊಂದಿಗೆ ಬೆರೆಸಿ, ಕುದಿಸಬೇಡಿ. ಮಜ್ಜಿಗೆಯ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ ಒಗರು ನಾಲಿಗೆಗೆ ಅಷ್ಟು ತಾಗುವುದಿಲ್ಲ. ಸಿಪ್ಪೆ ಹೆಚ್ಚಾದರೆ ಮರುದಿನ ಮಲಬದ್ಧತೆ ಬರುತ್ತದೆ. ಬೇರು ಮತ್ತು ಕಾಂಡದ ತೊಗಟೆಯಲ್ಲಿ ಪೆಲೆಟಿಯೆರಿನ್ ಎಂಬ ವಿಷಕಾರಿ ಆಲ್ಕಲಾಯ್ಡ್ ಇರುವುದರಿಂದ ಅದನ್ನು ಸಿಪ್ಪೆಯ ಬದಲಿಗೆ ಎಂದೂ ಬಳಸಕೂಡದು. ಜ್ವರ, ರಕ್ತ, ನಿರ್ಜಲೀಕರಣ ಇರುವ ಭೇದಿಗೆ, ಅದರಲ್ಲೂ ಮಕ್ಕಳಿಗೆ, ಮೊದಲು ಓಆರ್‌ಎಸ್ ಮತ್ತು ವೈದ್ಯರು.

ಟ್ಯಾನಿನ್ ಕಬ್ಬಿಣಾಂಶದ ಹೀರಿಕೆಯನ್ನು ತಡೆಯುವುದರಿಂದ, ರಕ್ತಹೀನತೆಗೆ ಮಾತ್ರೆ ನುಂಗುವವರು ತಂಬುಳಿಗೂ ಮಾತ್ರೆಗೂ ಕನಿಷ್ಠ ಎರಡು ಗಂಟೆ ಅಂತರ ಇಡಬೇಕು. ಚಕ್ಕೋತದ ಸಿಪ್ಪೆಯ ವಿಷಯ ಇನ್ನೂ ಗಂಭೀರ: ಅದರಲ್ಲಿರುವ ಫ್ಯುರಾನೊಕೂಮರಿನ್‌ಗಳು ಔಷಧಿಗಳನ್ನು ಒಡೆಯುವ ಕಿಣ್ವವೊಂದನ್ನು ಕಟ್ಟಿಹಾಕುತ್ತವೆ, ಆದ್ದರಿಂದ ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಫೆಲೋಡಿಪಿನ್, ಅಂಗಾಂಗ ಕಸಿಯ ನಂತರ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರ ರಕ್ತದಲ್ಲಿ ಔಷಧಿಯ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಅಂಥವರು ಚಕ್ಕೋತವನ್ನೂ ಹೇರಳೆಕಾಯಿಯಂಥ ಕಹಿ ಜಾತಿಗಳನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಸಿಹಿ ಕಿತ್ತಳೆಯ ಗೊಜ್ಜು ತಟ್ಟೆಯಲ್ಲಿದ್ದರೂ ದಿನನಿತ್ಯದ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ತೋರಿಸಿಬರುವುದು ಒಳ್ಳೆಯದು.